ಸೇವಂತಿಗೆಗೆ ದೀಪ: ಯಾವಾಗ ಹಚ್ಚಬೇಕು, ಯಾವಾಗ ಆರಿಸಬೇಕು

ಯಲಹಂಕದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಗೆ ರಾತ್ರಿ ಹೊತ್ತು ಪ್ರಯಾಣ ಮಾಡುವವರಿಗೆ ಅಲ್ಲಲ್ಲಿ ಹೊಲದ ತುಂಬ ಬಲ್ಬುಗಳು ಉರಿಯುತ್ತಿರುವುದು ಕಂಡುಬರುತ್ತದೆ. ಇವು ಸೇವಂತಿಗೆಯ ತಾಕುಗಳು. ನೆರೆಯವರು ಹಾಕಿದರೆಂದು ತಾವೂ ದೀಪ ಹಾಕಿ, ಬೆಳಕಿನಿಂದ ಹೂ ಹೆಚ್ಚುತ್ತದೆಂದು ನಂಬಿ, ಮೊಗ್ಗು ಕಾಣುವವರೆಗೂ ಉರಿಸುವ ರೈತರಿದ್ದಾರೆ. ಇದರಿಂದ ವಿದ್ಯುತ್ ಖರ್ಚು ಏರುತ್ತದೆ, ಹೂವು ಹಬ್ಬ ಕಳೆದ ಮೇಲೆ ಬರುತ್ತದೆ. ದೀಪ ಸೇವಂತಿಗೆಯಲ್ಲಿ ಹೂ ಬಿಡಿಸುವುದಿಲ್ಲ, ಹೂ ಬಿಡುವುದನ್ನು ತಡೆಯುತ್ತದೆ. ಈ ಒಂದು ಅಂಶವನ್ನು ಅರಿತವರಿಗೆ ಮಾತ್ರ ದೀಪದಿಂದ ಲಾಭವುಂಟು.

ಗಿಡ ಎಣಿಸುವುದು ರಾತ್ರಿಯನ್ನು

ಕೆಲವು ಸಸ್ಯಗಳು ಹಗಲು ಗಿಡ್ಡವಾಗಿ ರಾತ್ರಿ ಉದ್ದವಾದಾಗ ಹೂ ಬಿಡುತ್ತವೆ. ಇವನ್ನು ಅಲ್ಪ ಹಗಲಿನ ಸಸ್ಯಗಳೆನ್ನುತ್ತಾರೆ. ಗಾಂಜಾ ಜಾತಿಗೆ ಸೇರಿದ ನಾರಿನ ಹೆಂಪ್ ಗಿಡ ಗಿಡ್ಡ ಹಗಲಿನಲ್ಲಿ ಬೇಗ ಹೂ ಬಿಡುವುದನ್ನು ಫ್ರಾನ್ಸಿನ ಟೂರ್ನ್ವಾ 1912ರ ಸುಮಾರಿಗೆ ಗುರುತಿಸಿದರು. (ನಮ್ಮಲ್ಲಿ 1985ರ ಮಾದಕ ವಸ್ತುಗಳ ಕಾಯಿದೆಯಂತೆ ಪರವಾನಗಿಯಿಲ್ಲದೆ ಗಾಂಜಾ ಬೆಳೆಯುವುದು ಅಪರಾಧ.) ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಅವರು ಹೊಗೆಸೊಪ್ಪು ಹಾಗೂ ಸೋಯಾ ಅವರೆಯ ಮೇಲೆ ಪ್ರಯೋಗ ನಡೆಸಿ, 1920ರಲ್ಲಿ ಇದನ್ನು ನಿಯಮವಾಗಿ ಪ್ರಕಟಿಸಿದರು. ಗಿಡ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು ಎಂಬುದು 1938ರ ಪ್ರಯೋಗಗಳಿಂದ ತಿಳಿಯಿತು. ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೆ ಒಂದು ಉದ್ದ ರಾತ್ರಿ ಎರಡು ಗಿಡ್ಡ ರಾತ್ರಿಗಳಾಗಿ ಒಡೆಯುತ್ತದೆ. ಆಗ ಗಿಡ ಮೊಗ್ಗು ಕಟ್ಟದೆ ಬೆಳೆಯುತ್ತಲೇ ಹೋಗುತ್ತದೆ. ಎಲೆಯಲ್ಲಿರುವ ಫೈಟೊಕ್ರೋಮ್ ಎಂಬ ವರ್ಣದ್ರವ್ಯ ಈ ಬೆಳಕನ್ನು ಗ್ರಹಿಸುತ್ತದೆ. ಇದಕ್ಕೆ ಕೆಂಪು ಬೆಳಕು ಹೆಚ್ಚು ಪರಿಣಾಮಕಾರಿ.

ಬಯಲಿನ ಬೆಳೆ

ಸೇವಂತಿಗೆಯ ಅನೇಕ ತಳಿಗಳಲ್ಲಿ ಹಗಲು ಸುಮಾರು 14½ ಗಂಟೆಗಿಂತ ಕಡಿಮೆಯಾದಾಗ ಮೊಗ್ಗು ಹುಟ್ಟುತ್ತದೆ. 13½ ಗಂಟೆಗಿಂತ ಕಡಿಮೆಯಾದಾಗ ಆ ಮೊಗ್ಗು ಬಲಿಯುತ್ತದೆ. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರಿನ ಅತಿ ಗಿಡ್ಡ ಹಗಲು ಸುಮಾರು 11 ಗಂಟೆ 20 ನಿಮಿಷ. ನಸುಕು, ಮುಸ್ಸಂಜೆಗಳ ಬೆಳಕು ಕೂಡಿದರೂ ಜೂನ್‌ನಲ್ಲಿ ಹದಿಮೂರೂವರೆ ಗಂಟೆಯ ಆಸುಪಾಸಿಗೆ ನಿಲ್ಲುತ್ತದೆ.

ಆದ್ದರಿಂದ ಮೇ-ಜೂನ್‌ನಲ್ಲಿ ನೆಟ್ಟ ಗಿಡ ಮಳೆಗಾಲದಲ್ಲಿ ಒಂದಿಷ್ಟು ಬೆಳೆದು, ಹಗಲು ಕುಗ್ಗಿದಂತೆ ಮೊಗ್ಗು ಕಟ್ಟಿ, ದಸರಾ-ದೀಪಾವಳಿಯ ಹೊತ್ತಿಗೆ ಹೂ ಕೊಡುತ್ತದೆ. ಇದಕ್ಕೆ ದೀಪದ ಖರ್ಚಿಲ್ಲ. ಆದರೆ ಎಲ್ಲರ ಹೂವೂ ಒಟ್ಟಿಗೆ ಮಾರುಕಟ್ಟೆಗೆ ಬರುವುದರಿಂದ ಬೆಲೆ ಕುಸಿಯುವ ಭಯವುಂಟು. ಸೆಪ್ಟೆಂಬರ್ ಆದ ಮೇಲೆ ದೀಪವಿಲ್ಲದೆ ನೆಟ್ಟರೆ, ಗಿಡ ಗೇಣುದ್ದವಾಗುವ ಮೊದಲೇ ಮೊಗ್ಗು ಕಟ್ಟಿ ಇಳುವರಿ ಸೊರಗುತ್ತದೆ. ದೀಪದ ನಿಜವಾದ ಉಪಯೋಗವಿರುವುದು ಇಂತಹ ಅಕಾಲದ ನಾಟಿಯಲ್ಲಿ.

ದಿನಗಳ ಲೆಕ್ಕ

ಗಿಡ್ಡ ಹಗಲು ಆರಂಭವಾದಂದಿನಿಂದ ಹೂ ಅರಳುವವರೆಗೆ ಎಷ್ಟು ವಾರ ಬೇಕೆಂಬುದು ತಳಿಯ ಗುಣ. ಆರರಿಂದ ಹದಿನೈದು ವಾರಗಳ ತಳಿಗಳಿವೆ. ಬೆಳೆಗಾರನು ತನ್ನ ತಳಿಯದು ಎಷ್ಟು ವಾರವೆಂಬುದನ್ನು ಮೊದಲು ತಿಳಿದುಕೊಂಡು, ಹಬ್ಬದಿಂದ ಹಿಂದಕ್ಕೆ ಎಣಿಸಬೇಕು.

ಉದಾಹರಣೆಗೆ, ಸಂಕ್ರಾಂತಿ ಮಾರುಕಟ್ಟೆಗೆ ಜನವರಿ 10ರಂದು ಕೊಯ್ಲು ಬೇಕು, ತಳಿ 9 ವಾರದ್ದು ಎಂದಿಟ್ಟುಕೊಳ್ಳೋಣ. 63 ದಿನ ಹಿಂದಕ್ಕೆ ಎಣಿಸಿದರೆ ದೀಪ ಆರಿಸುವ ದಿನ ನವೆಂಬರ್ 8. ಅದಕ್ಕೂ ಮೊದಲು ಗಿಡ ಬೆಳೆದು ಕವಲೊಡೆಯಲು 6 ವಾರ ಬೇಕೆಂದರೆ ನಾಟಿಯ ದಿನ ಸೆಪ್ಟೆಂಬರ್ 27. ನಾಟಿಯ ದಿನದಿಂದಲೇ ದೀಪ ಹಚ್ಚಬೇಕು. ಸುಮಾರು ಮೂರು ವಾರಕ್ಕೆ ಕುಡಿ ಚಿವುಟಬೇಕು. ಪಕ್ಕದ ಕವಲುಗಳು ಸಾಕಷ್ಟು ಬೆಳೆದ ಮೇಲೆ, ನಿಗದಿಯಾದ ದಿನ ದೀಪವನ್ನು ಪೂರ್ತಿ ನಿಲ್ಲಿಸಬೇಕು.

ಬೆಳಕಿನ ಪ್ರಮಾಣ ಮತ್ತು ಖರ್ಚು

ರಾತ್ರಿ 10ರಿಂದ 2 ಗಂಟೆಯವರೆಗೆ ಬೆಳಕು ಕೊಡುವುದು ರೂಢಿ. ಗಿಡದ ತುದಿಯ ಮಟ್ಟದಲ್ಲಿ ಸುಮಾರು 100 ಲಕ್ಸ್ ಬೆಳಕಿದ್ದರೆ ಸಾಕು. ಇದು ಹಗಲಿನ ಬಿಸಿಲಿಗೆ ಹೋಲಿಸಿದರೆ ಏನೇನೂ ಅಲ್ಲ. ಈ ಬೆಳಕು ಗಿಡಕ್ಕೆ ಆಹಾರವಲ್ಲ, ಸೂಚನೆ ಮಾತ್ರ. ನೆರಳಿನ ತಾಕಿನಲ್ಲಿ ಎಷ್ಟು ದೀಪ ಹಾಕಿದರೂ ಬಿಸಿಲಿನ ಕೊರತೆ ತುಂಬುವುದಿಲ್ಲ.

8 ಅಡಿಗೊಂದರಂತೆ ಬಲ್ಬು ಕಟ್ಟಿದರೆ ಎಕರೆಗೆ ಸುಮಾರು 680, ಅಂದರೆ ಗುಂಟೆಗೆ 17 ಬಲ್ಬು ಬೇಕಾಗುತ್ತವೆ. 42 ರಾತ್ರಿ, ದಿನಕ್ಕೆ 4 ಗಂಟೆ ಉರಿಸಿದರೆ ಎಕರೆಯ ಲೆಕ್ಕ ಹೀಗಿದೆ:

60 ವ್ಯಾಟಿನ ಹಳೆಯ ತಂತಿ ಬಲ್ಬು: ಸುಮಾರು 6,850 ಯೂನಿಟ್
9 ವ್ಯಾಟಿನ ಎಲ್.ಇ.ಡಿ. ಬಲ್ಬು: ಸುಮಾರು 1,030 ಯೂನಿಟ್

ತಾಕನ್ನು ಮೂರು ಭಾಗ ಮಾಡಿ, ಟೈಮರ್ ಮೂಲಕ ಸರದಿಯಂತೆ ಪ್ರತಿ ಭಾಗಕ್ಕೆ 10 ನಿಮಿಷ ಬೆಳಕು, 20 ನಿಮಿಷ ಕತ್ತಲು ಕೊಡುವ ಕ್ರಮವೂ ಉಂಟು. ಇದರಿಂದ ಖರ್ಚೂ ಹೊರೆಯೂ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತವೆ. ಆದರೆ ಈ ಕ್ರಮ ತನ್ನ ತಳಿಗೆ ಒಗ್ಗುವುದೇ ಎಂದು ನಾಲ್ಕು ಸಾಲಿನಲ್ಲಿ ನೋಡಿದ ಮೇಲೆಯೇ ಇಡೀ ತಾಕಿಗೆ ಅನ್ವಯಿಸತಕ್ಕದ್ದು.

ಎಚ್ಚರಿಕೆಗಳು

1. ಮೊಗ್ಗು ಕಟ್ಟಿದ ಗಿಡದಿಂದ ಕಡ್ಡಿ ಅಥವಾ ಮರಿ ತೆಗೆದು ನೆಟ್ಟರೆ ದೀಪವಿದ್ದರೂ ಬೇಗ ಮೊಗ್ಗು ಬರುವುದುಂಟು. ತಾಯಿ ಗಿಡಗಳ ಮಡಿಗೂ ರಾತ್ರಿ ಬೆಳಕು ಕೊಟ್ಟು ಅವನ್ನು ಬೆಳವಣಿಗೆಯ ಹಂತದಲ್ಲಿಯೇ ಇಟ್ಟುಕೊಳ್ಳಬೇಕು.

2. ವಿದ್ಯುತ್ ಕಡಿತದಿಂದ ಹಲವು ರಾತ್ರಿ ಒಂದೇ ಸಮನೆ ಬೆಳಕು ತಪ್ಪಿದರೆ ಮೊಗ್ಗು ಮೂಡಲು ಆರಂಭವಾಗುತ್ತದೆ. ಬದಲಿ ವ್ಯವಸ್ಥೆ ಇರಬೇಕು.

3. ದೀಪ ಆರಿಸಿದ ಮೇಲೆ ರಾತ್ರಿ ಪೂರ್ಣ ಕತ್ತಲಾಗಿರಬೇಕು. ರಸ್ತೆ ದೀಪ, ಕಾವಲು ದೀಪ ಅಥವಾ ಪಕ್ಕದ ತಾಕಿನ ಬಲ್ಬುಗಳ ಬೆಳಕು ನೇರವಾಗಿ ಬೀಳುವ ಸಾಲುಗಳಲ್ಲಿ ಹೂ ತಡವಾಗುತ್ತದೆ. ಬಡಾವಣೆಗಳು ಹೊಲದ ಅಂಚಿಗೆ ಬಂದಿರುವ ಯಲಹಂಕದ ಸುತ್ತಮುತ್ತ ನಾಟಿಗೆ ಮೊದಲೇ ಒಂದು ರಾತ್ರಿ ಹೊಲದಲ್ಲಿ ನಿಂತು ಇದನ್ನು ನೋಡುವುದು ಒಳ್ಳೆಯದು.

4. ಪಾಲಿಹೌಸ್‌ಗಳಲ್ಲಿ ಬೇಸಿಗೆಯ ಹಗಲನ್ನು ಗಿಡ್ಡ ಮಾಡಲು ಸಂಜೆ 5ರಿಂದ ಬೆಳಿಗ್ಗೆ 7ರವರೆಗೆ ಕಪ್ಪು ಹೊದಿಕೆ ಎಳೆಯುತ್ತಾರೆ. ಹೊದಿಕೆಯ ಒಳಗೆ ಕಾವು ಏರಿದರೆ ಹೂ ತಡವಾಗುವುದರಿಂದ ಗಾಳಿಯಾಟಕ್ಕೆ ಗಮನ ಕೊಡಬೇಕು.

5. ಒದ್ದೆ ನೆಲದಲ್ಲಿ ತಂತಿ ಎಳೆಯುವ ಕೆಲಸ ಪ್ರಾಣಾಪಾಯದ್ದು. ಮಳೆಗೆ ತಡೆಯುವ ಹೋಲ್ಡರ್, ಸೋರಿಕೆಯಾದರೆ ತಾನೇ ಕಡಿಯುವ ಸ್ವಿಚ್ಚು ಇರಲೇಬೇಕು. ಪಂಪ್‌ಸೆಟ್ ಸಂಪರ್ಕದಿಂದ ತಂತಿ ಎಳೆಯದೆ, ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ ಸಂಪರ್ಕ ಪಡೆಯಬೇಕು.

ಯಾವುದು ಲಾಭದಾಯಕ?

ದಸರಾ-ದೀಪಾವಳಿಗೆ ಬೆಳೆಯುವವರಿಗೆ ಸಕಾಲದ ನಾಟಿ, ಒಳ್ಳೆಯ ಸಸಿ, ಕುಡಿ ಚಿವುಟುವಿಕೆ ಇವಿಷ್ಟಿದ್ದರೆ ಸೂರ್ಯನ ಬೆಳಕೇ ಸಾಕು. ಸಂಕ್ರಾಂತಿ, ಶಿವರಾತ್ರಿ, ಯುಗಾದಿಯ ಮಾರುಕಟ್ಟೆಯನ್ನು ಹಿಡಿಯಬಯಸುವವರಿಗೆ ದೀಪ ಅಗತ್ಯ. ಆದರೆ ಆ ದಿನಗಳ ಬೆಲೆ ಬಲ್ಬು, ತಂತಿ, ವಿದ್ಯುತ್ತಿನ ಖರ್ಚನ್ನು ಹೊರಬಲ್ಲದೇ ಎಂದು ಮುಂಚೆಯೇ ಲೆಕ್ಕ ಹಾಕಬೇಕು. ಮೊದಲ ವರ್ಷ ನಾಲ್ಕೈದು ಗುಂಟೆಯಲ್ಲಿ ಮಾತ್ರ ದೀಪ ಹಾಕಿ, ನಾಟಿಯ ದಿನ, ದೀಪ ಆರಿಸಿದ ದಿನ, ಮೊದಲ ಕೊಯ್ಲಿನ ದಿನ ಈ ಮೂರನ್ನೂ ಬರೆದಿಟ್ಟುಕೊಳ್ಳಬೇಕು. ತನ್ನ ಹೊಲದ ಈ ಮೂರು ದಿನಾಂಕಗಳು ಕೈಯಲ್ಲಿದ್ದರೆ, ಮುಂದಿನ ವರ್ಷ ಯಾವ ರಾತ್ರಿ ದೀಪ ಆರಿಸಬೇಕೆಂದು ರೈತನು ನೆರೆಯ ಹೊಲವನ್ನು ನೋಡಿ ತೀರ್ಮಾನಿಸಬೇಕಾಗಿಲ್ಲ.