ಕಾಂಗ್ರೆಸ್ ಹುಲ್ಲಿನ ಸೀನು: ದೇಹಕ್ಕೆ ಸಹನೆ ಕಲಿಸುವ ಕಣಗಳು

ಬದುವಿನಲ್ಲಿ ಕಾಂಗ್ರೆಸ್ ಹುಲ್ಲು ಹೂಬಿಟ್ಟಾಗ ಕೆಲವರಿಗೆ ಸೀನು, ಉಬ್ಬಸ ಬರುವುದುಂಟು. ಪರಾಗ ರೋಗಾಣುವಲ್ಲ, ಆದರೂ ದೇಹ ಅದನ್ನು ಶತ್ರುವೆಂದು ಬಗೆದು ಐ.ಜಿ.ಇ. ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಮಾತ್ರೆ ಸೀನನ್ನು ತಡೆದೀತು, ಈ ತಪ್ಪೆಣಿಕೆಯನ್ನು ತಿದ್ದದು.

1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನು ಅತ್ಯಲ್ಪ ಪ್ರಮಾಣದಿಂದ ಏರಿಸುತ್ತಾ ಚುಚ್ಚುಮದ್ದಾಗಿ ಕೊಟ್ಟರು. ಹೀಗೆ ಕೊಟ್ಟಾಗ ‘ನಿಯಂತ್ರಕ ಟಿ ಕಣ’ಗಳೆಂಬ ಬಿಳಿ ರಕ್ತಕಣಗಳು ಹೆಚ್ಚಿ, ಇಂಟರ್‌ಲ್ಯೂಕಿನ್-10 ಸ್ರವಿಸಿ, ಕೆರಳಿದ ಕಣಗಳನ್ನು ತಣಿಸುತ್ತವೆ. ಐ.ಜಿ.ಜಿ.4 ಎಂಬ ಬೇರೆ ಪ್ರತಿಕಾಯ ಹುಟ್ಟಿ ಪರಾಗದ ಅಂಶವನ್ನು ಮೊದಲೇ ಹಿಡಿದುಕೊಳ್ಳುತ್ತದೆ. ಈ ಕಣಗಳನ್ನು 1995ರಲ್ಲಿ ಗುರುತಿಸಿದ ಜಪಾನಿನ ಸಕಾಗುಚಿಯವರು 2025ರ ನೊಬೆಲ್ ಪಾರಿತೋಷಕ ಪಡೆದವರಲ್ಲಿ ಒಬ್ಬರು.

ಚಿಕಿತ್ಸೆಯನ್ನು ತಜ್ಞ ವೈದ್ಯರಲ್ಲಿ ಸುಮಾರು 3 ವರ್ಷ ಬಿಡದೆ ಪಡೆಯಬೇಕು. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಉಬ್ಬಸ ಹತೋಟಿಯಲ್ಲಿಲ್ಲದವರಿಗೆ ಇದು ಸಲ್ಲದು. ಬೇಸಾಯ ಶಾಸ್ತ್ರದವನಾದ ನಾನು ಹೇಳಬಲ್ಲದ್ದಿಷ್ಟು: ಗಿಡವನ್ನು ಹೂಬಿಡುವ ಮುನ್ನವೇ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಿರಿ, ಅಲರ್ಜಿ ಇದ್ದವರನ್ನು ಆ ಕೆಲಸಕ್ಕೆ ಕಳಿಸಬೇಡಿ.