‘ನೆಟ್ ಇಲ್ಲ’ ಎನ್ನುವ ಮೊದಲು

ವಿದ್ಯಾರ್ಥಿವೇತನದ ಅರ್ಜಿಗೆ ಅಂದು ಕೊನೆಯ ದಿನ. ಲಷ್ಕರ್ ಮೊಹಲ್ಲಾದ ನಮ್ಮ ಮನೆಯಲ್ಲಿ ಆಪಾ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ವೈಫೈ ಗುರುತು ಇತ್ತು, ಆದರೆ ಯಾವ ಪೇಜೂ ತೆರೆಯುತ್ತಿರಲಿಲ್ಲ. ಅಬ್ಬಾ ಇಂಟರ್ನೆಟ್ ಕೊಡುವವರಿಗೆ ಎರಡು ಸಲ ಫೋನ್ ಮಾಡಿ “ನೆಟ್ ಬರ್ತಿಲ್ಲ” ಎಂದರು. ಎರಡು ಸಲವೂ “ರೂಟರ್ ಆಫ್ ಮಾಡಿ ಆನ್ ಮಾಡಿ” ಎಂಬ ಉತ್ತರ ಬಂತು. ಮಾಡಿದೆವು, ಪ್ರಯೋಜನವಾಗಲಿಲ್ಲ.

ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದೆ ಎಂಟ್ರಿ ಮಾಡುವುದಿಲ್ಲ. ನಮ್ಮ ದೂರಿಗೆ ವೋಚರ್ ಇರಲಿಲ್ಲ. ಅದನ್ನು ಸಂಗ್ರಹಿಸುವುದು ಹೇಗೆಂದು ಪಕ್ಕದ ಮನೆಯ ಭಾಯಿ ಹೇಳಿಕೊಟ್ಟರು.

ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ಸಿ ಎಂ ಡಿ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಕಪ್ಪು ಪರದೆ ಬರುತ್ತದೆ. ಅಲ್ಲಿ ಕ್ರಮವಾಗಿ ಹೀಗೆ ಮಾಡಿ:

1. ಐಪಿಕಾನ್ಫಿಗ್ (ಐ ಪಿ ಸಿ ಓ ಎನ್ ಎಫ್ ಐ ಜಿ): ‘ಡಿಫಾಲ್ಟ್ ಗೇಟ್‌ವೇ’ ಎದುರಿನ ಸಂಖ್ಯೆ ಬರೆದುಕೊಳ್ಳಿ. ಅದು ನಿಮ್ಮ ರೂಟರಿನ ವಿಳಾಸ. ನಿಮ್ಮ ಸ್ವಂತ ವಿಳಾಸ 169.254 ಎಂದು ಆರಂಭವಾಗಿದ್ದರೆ ರೂಟರ್ ನಿಮಗೆ ವಿಳಾಸವನ್ನೇ ಕೊಟ್ಟಿಲ್ಲ.

2. ಪಿಂಗ್ (ಪಿ ಐ ಎನ್ ಜಿ), ಜಾಗ ಬಿಟ್ಟು ಆ ಗೇಟ್‌ವೇ ಸಂಖ್ಯೆ: ಕಂಪ್ಯೂಟರ್ ನಾಲ್ಕು ಸಲ ಕರೆದು ಉತ್ತರಕ್ಕೆ ಕಾಯುತ್ತದೆ. ಉತ್ತರ ಬರದಿದ್ದರೆ ತೊಂದರೆ ಬಹುಶಃ ಮನೆಯೊಳಗೇ ಇದೆ.

3. ಪಿಂಗ್ 8.8.8.8: ಇದು ಗೂಗಲ್‌ನ ಸರ್ವರ್. ರೂಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ಹೊರಗಿನ ಲೈನನ್ನು ಅನುಮಾನಿಸಿ.

4. ಪಿಂಗ್, ನಂತರ ಒಂದು ವೆಬ್‌ಸೈಟಿನ ಹೆಸರು: ಸಂಖ್ಯೆಗೆ ಉತ್ತರ ಬಂದು, ಹೆಸರು ಮಾತ್ರ ಸಿಗಲಿಲ್ಲ ಎಂದರೆ ಡಿಎನ್‌ಎಸ್ ಕೆಟ್ಟಿದೆ. ಹೆಸರನ್ನು ಸಂಖ್ಯೆಯಾಗಿಸುವ ಫೋನ್ ಡೈರೆಕ್ಟರಿ ಅದು. ಕೆಲವು ಸೈಟುಗಳು ಪಿಂಗ್‌ಗೆ ಉತ್ತರಿಸುವುದೇ ಇಲ್ಲ, ಆದ್ದರಿಂದ ಎರಡು ಮೂರು ಹೆಸರು ಹಾಕಿ ನೋಡಿ.

ಕಮಾಂಡ್ ಕೊನೆಗೆ > ಗುರುತು ಹಾಕಿ ಫೈಲಿನ ಹೆಸರು ಕೊಟ್ಟರೆ ಉತ್ತರ ಆ ಫೈಲಿಗೆ ಸೇರುತ್ತದೆ. ಮುಂದಿನ ಕಮಾಂಡಿಗೆ >> ಹಾಕಿ, ಇಲ್ಲದಿದ್ದರೆ ಹಳೆಯದು ಅಳಿಸಿಹೋಗುತ್ತದೆ. ಸಮಯವನ್ನೂ, ಬೇರೆ ಫೋನಿನಲ್ಲಿ ಅದೇ ತೊಂದರೆ ಇದೆಯೇ ಎಂಬುದನ್ನೂ ಬರೆದಿಡಿ. ಈ ಫೈಲನ್ನು ದುರಸ್ತಿ ಮಾಡುವವರಿಗೆ ಮಾತ್ರ ಕಳಿಸಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅದರಲ್ಲಿ ನಿಮ್ಮ ನೆಟ್‌ವರ್ಕಿನ ವಿವರಗಳಿರುತ್ತವೆ.

ಪಿಂಗ್ ಹೊಸದೇನಲ್ಲ. ಅಮೆರಿಕದ ಮೈಕ್ ಮೂಸ್ 1983ರಲ್ಲಿ ಇದನ್ನು ಬರೆದರು. ನೀರಿನೊಳಗೆ ಸದ್ದು ಕಳಿಸಿ ಪ್ರತಿಧ್ವನಿ ಕೇಳುವ ಸೋನಾರ್‌ನಿಂದ ಹೆಸರು ಬಂತು.

ನಮ್ಮ ಮನೆಯಲ್ಲಿ ಮೊದಲ ಮೂರು ಸರಿಯಿದ್ದವು, ನಾಲ್ಕನೆಯದು ಸೋತಿತು. ಅಬ್ಬಾ ಮೂರನೆಯ ಸಲ ಫೋನ್ ಮಾಡಿ, “ರೂಟರ್ ಉತ್ತರ ಕೊಡ್ತಿದೆ, 8.8.8.8 ಕೂಡ ಕೊಡ್ತಿದೆ, ಹೆಸರು ಮಾತ್ರ ಸಿಗ್ತಿಲ್ಲ” ಎಂದರು. ಈ ಸಲ ಯಾರೂ ಆಫ್ ಮಾಡಿ ಆನ್ ಮಾಡಿ ಎನ್ನಲಿಲ್ಲ. ಡಿಎನ್‌ಎಸ್ ವಿಳಾಸ ಬದಲಿಸುವುದು ಹೇಗೆಂದು ಹೇಳಿದರು. ಆಪಾ ಅರ್ಜಿ ಅದೇ ರಾತ್ರಿ ಸಲ್ಲಿಕೆಯಾಯಿತು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ