ಅಂಗವಿಕಲ ವಿದ್ಯಾರ್ಥಿಯೂ ಕಸಬಿನ ಉಮೇದುವಾರಿಯೂ

ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನಗಳಲ್ಲಿ ನಮ್ಮ ಉಚಿತ ವಾಚನಾಲಯಕ್ಕೆ ಬರುವ ಪಾಲಕರಲ್ಲಿ ಕೆಲವರು ಒಂದು ಪ್ರಶ್ನೆಯನ್ನು ದನಿ ತಗ್ಗಿಸಿ ಕೇಳುತ್ತಾರೆ: "ಹುಡುಗನ ಕಾಲು ಸರಿಯಿಲ್ಲ, ಇವನನ್ನು ಯಾವ ಕಾರಖಾನೆಯವರು ಸೇರಿಸಿಕೊಂಡಾರು?" ಇದು ದನಿ ತಗ್ಗಿಸಿ ಕೇಳುವ ಪ್ರಶ್ನೆಯಲ್ಲ. ನಾವು ತಿಳಿದುಕೊಂಡಷ್ಟನ್ನು ವಾಚಕ ಬಂಧುಗಳ ಮುಂದೆ ಕ್ರಮವಾಗಿ ಇಡುತ್ತೇವೆ.

1. ಮೊದಲು ದಾಖಲೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ವೈಕಲ್ಯವು ನೂರಕ್ಕೆ 40ಕ್ಕಿಂತ ಕಡಮೆಯಿಲ್ಲವೆಂದು ವೈದ್ಯಾಧಿಕಾರಿಗಳು ಪ್ರಮಾಣಪತ್ರ ಕೊಟ್ಟಲ್ಲಿ ಮೀಸಲಾತಿ ಮೊದಲಾದ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿಗೆ ಸರ್ಕಾರದ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ದವಾಖಾನೆಯ ತಪಾಸಣೆಗೆ ದಿನ ಹಿಡಿಯುವುದರಿಂದ, ಪ್ರವೇಶದ ಕಾಲ ಬರುವವರೆಗೆ ಕಾಯದೆ ಪರೀಕ್ಷೆಗೆ ಮೊದಲೇ ಈ ಕೆಲಸ ಮುಗಿಸುವುದು ಲೇಸು.

2. ದಾರಿಗಳು ಎರಡು. ಐ.ಟಿ.ಐ. ಸೇರಿ ಕಸಬು ಕಲಿತು, ಬಳಿಕ ಕಾರಖಾನೆಯಲ್ಲಿ ಉಮೇದುವಾರನಾಗುವುದು ಒಂದು. ನೇರವಾಗಿ ಕಾರಖಾನೆಗೆ ಸೇರಿ, ಮೊದಲು ಮೂಲಶಿಕ್ಷಣ, ಆಮೇಲೆ ಕೆಲಸದ ಮೇಲಿನ ಶಿಕ್ಷಣ ಪಡೆಯುವುದು ಇನ್ನೊಂದು. ಐ.ಟಿ.ಐ.ಯಲ್ಲಿ ಫಿಟರ್, ಇಲೆಕ್ಟ್ರಿಶಿಯನ್ ಕಸಬುಗಳಿಗೆ 2 ವರ್ಷ. ವೆಲ್ಡರ್, ಹೊಲಿಗೆ, ಕಂಪ್ಯೂಟರ್ ಕಸಬುಗಳಿಗೆ 1 ವರ್ಷ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಉಮೇದುವಾರನಿಗೆ 14 ವರ್ಷ ತುಂಬಿರಬೇಕು. ಅಪಾಯದ ಉದ್ಯಮಗಳಿಗೆ 18.

3. ಕಸಬಿನ ಆಯ್ಕೆ. ಕಸಬಿನ ಹೆಸರು ಕೇಳಿ "ಆಗದು" ಎನ್ನಬಾರದು. ಅದನ್ನು ಬಿಡಿಸಿ ನೋಡಬೇಕು: ಎಷ್ಟು ಹೊತ್ತು ನಿಲ್ಲಬೇಕು? ಎಷ್ಟು ಭಾರ ಎತ್ತಬೇಕು? ಎರಡು ಕೈಯೂ ಏಕಕಾಲಕ್ಕೆ ಬೇಕೇ? ಯಾವುದನ್ನು ಕಣ್ಣಿನಿಂದ, ಯಾವುದನ್ನು ಕಿವಿಯಿಂದ ತಿಳಿಯಬೇಕು? ಹೀಗೆ ನೋಡಿದರೆ ಅಡ್ಡಿ ಇಡೀ ಕಸಬಿನಲ್ಲಿರದೆ ಒಂದೆರಡು ಹಂತಗಳಲ್ಲಿ ಮಾತ್ರ ಇರುವುದು ಎಷ್ಟೋ ಸಲ ಕಂಡುಬರುತ್ತದೆ. ಐ.ಟಿ.ಐ.ಯ ಪ್ರತಿ ಕಸಬಿನ ಪಠ್ಯಕ್ರಮದಲ್ಲಿಯೂ ಯಾವ ಬಗೆಯ ಅಂಗವಿಕಲರು ಅದಕ್ಕೆ ಅರ್ಹರೆಂಬುದನ್ನು ಸೂಚಿಸುವ ಒಂದು ಸಾಲು ಇರುತ್ತದೆ. ಅರ್ಜಿಗೆ ಮೊದಲು ಅದನ್ನು ತಪ್ಪದೆ ಓದಿರಿ.

4. ಅನುಕೂಲ ಕೇಳುವ ಬಗೆ. ಬೆಂಚಿನ ವೈಸನ್ನು ಕೆಲಸಗಾರನ ಮೊಣಕೈಯ ಮಟ್ಟಕ್ಕೆ ಕೂಡಿಸುವುದು ಫಿಟರರ ಹಳೆಯ ನಿಯಮ. ಗಾಲಿಕುರ್ಚಿಯವನಿಗಾಗಿ ಬೆಂಚು ತಗ್ಗಿಸಿದರೆ ಆ ನಿಯಮವನ್ನೇ ಪಾಲಿಸಿದಂತಾಯಿತು. ಕಿವಿ ಕೇಳಿಸದವನಿಗೆ ಗಂಟೆಯ ಜೊತೆಗೆ ದೀಪದ ಸೂಚನೆ ಸಾಕು. ಕಾಲಿನಿಂದ ಪೆಡಲು ತುಳಿಯಲಾರದವನು ಕೈಯಿಂದ ನಡೆಸುವ ಹೊಲಿಗೆಯಂತ್ರದಲ್ಲಿ ಕಲಿಯಬಹುದು. 'ಹೋಗುವ–ಹೋಗದ' ಗೇಜಿನಿಂದ ಅಳತೆ ಸರಿಯೋ ತಪ್ಪೋ ಎಂಬುದನ್ನು ದೃಷ್ಟಿಯಿಲ್ಲದವನೂ ಬೆರಳಿನ ಸ್ಪರ್ಶದಿಂದ ತಿಳಿಯಬಲ್ಲನು. "ನನಗೆ ಸಹಾಯ ಮಾಡಿರಿ" ಎನ್ನುವುದಕ್ಕಿಂತ "ನನಗೆ ಎತ್ತರದ ಒಂದು ಸ್ಟೂಲು ಬೇಕು" ಎಂದು ಗೊತ್ತಾದ ವಸ್ತುವನ್ನೇ ಕೇಳಿದರೆ ಫೋರಮನ್ನನಿಗೂ ಕೊಡುವುದು ಸುಲಭ.

ಆದರೆ ಏನನ್ನೂ ಮುಚ್ಚಿಡಬೇಡಿರಿ. ಮೂರ್ಛೆರೋಗವಿದ್ದುದನ್ನು ಬಚ್ಚಿಟ್ಟು ತಿರುಗುವ ಯಂತ್ರದ ಬಳಿ ನಿಂತರೆ ಜೀವಕ್ಕೇ ಅಪಾಯ. ವೈದ್ಯರಿಗೂ ಶಿಕ್ಷಕರಿಗೂ ಮೊದಲೇ ಹೇಳಿ, ಅದಕ್ಕೆ ತಕ್ಕ ಕಸಬನ್ನು ಆರಿಸಿಕೊಳ್ಳುವುದೇ ಜಾಣತನ.

5. ಕರಾರುಪತ್ರ. ಉಮೇದುವಾರನಿಗೂ ಮಾಲಕರಿಗೂ ಲಿಖಿತ ಕರಾರು ಆಗಿ, ಅದು ನೋಂದಣಿಯಾಗಬೇಕು. 18 ತುಂಬದಿದ್ದರೆ ಪಾಲಕರ ಸಹಿ ಬೇಕು. ಕಾಯಿದೆಯ ದೃಷ್ಟಿಯಲ್ಲಿ ಉಮೇದುವಾರನು ಶಿಕ್ಷಣಾರ್ಥಿ, ಕಾರ್ಮಿಕನಲ್ಲ. ಆದರೂ ನಿಗದಿಯಾದ ವಿದ್ಯಾರ್ಥಿವೇತನವೂ, ಕಲಿಕೆಯ ಕಾಲದಲ್ಲಿ ಕೆಲಸದಿಂದ ಗಾಯವಾದರೆ ಪರಿಹಾರವೂ ಅವನಿಗೆ ಸಲ್ಲಬೇಕು. ಕಲಿಕೆ ಮುಗಿದೊಡನೆ ಅಲ್ಲಿಯೇ ನೌಕರಿ ಸಿಕ್ಕೇ ಸಿಗುವುದೆಂಬ ಭರವಸೆ ಕಾಯಿದೆಯಲ್ಲಿಲ್ಲ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕೈಯಲ್ಲಿ ಉಳಿಯುವುದು ಕಸಬು ಮತ್ತು ಪ್ರಮಾಣಪತ್ರ. ಸರ್ಕಾರಿ ನೌಕರಿಗಳಲ್ಲಿ ನೂರಕ್ಕೆ 4ಕ್ಕಿಂತ ಕಡಮೆಯಿಲ್ಲದ ಸ್ಥಾನಗಳನ್ನು ಅಂಗವಿಕಲರಿಗೆ ಮೀಸಲಿಡಬೇಕೆಂದು 2016ರ ಕಾಯಿದೆ ಹೇಳುತ್ತದೆ. ಅಲ್ಲಿಯೂ ಆ ಪ್ರಮಾಣಪತ್ರ ಉಪಯೋಗಕ್ಕೆ ಬರುತ್ತದೆ.

6. ಎಲ್ಲಿ ವಿಚಾರಿಸಬೇಕು? ಅಂಗವಿಕಲರ ಶಕ್ತಿಯನ್ನು ಪರೀಕ್ಷಿಸಿ, ತಕ್ಕ ಕಸಬನ್ನು ಸೂಚಿಸುವ ಸರ್ಕಾರಿ ಕೇಂದ್ರಗಳಲ್ಲಿ ಮೊದಲಿನವು 1968ರಲ್ಲಿ ಮುಂಬಯಿ ಮತ್ತು ಹೈದರಾಬಾದುಗಳಲ್ಲಿ ಆರಂಭವಾದವು. ಈಗ ಇಂಥವುಗಳಿಗೆ ರಾಷ್ಟ್ರೀಯ ವೃತ್ತಿಸೇವಾ ಕೇಂದ್ರಗಳೆಂದು ಹೆಸರು. ಅರ್ಜಿ ತುಂಬಲು ಬಾರದವರು ಸಂಜೆ ವಾಚನಾಲಯಕ್ಕೆ ಬಂದರೆ ನಾವು ತುಂಬಿಕೊಡುತ್ತೇವೆ, ಇದಕ್ಕೆ ದುಡ್ಡಿಲ್ಲ.

ಕೊನೆಯದಾಗಿ ಪಾಲಕರಲ್ಲಿ ಒಂದು ಮಾತು. ಮಗುವಿಗೆ ನೋವಾದೀತೆಂಬ ಭಯ ಸಹಜವಾದುದೇ. ಆದರೆ "ಮುಂದಿನ ವರ್ಷ ನೋಡೋಣ" ಎನ್ನುತ್ತ ಮನೆಯಲ್ಲಿ ಕೂಡಿಸಿದ ನಾಲ್ಕು ವರ್ಷಗಳೂ ಒಂದು ಗಾಯವೇ. ಅದಕ್ಕೆ ಯಾವ ಕಾಯಿದೆಯಲ್ಲಿಯೂ ಪರಿಹಾರವಿಲ್ಲ. ಕಲಿಯುವ ಕಸಬನ್ನು ಹುಡುಗನೇ, ಹುಡುಗಿಯೇ ಹೇಳಲಿ. ನಾವು ದಾರಿಯನ್ನು ವಿಚಾರಿಸೋಣ.